ಮಾರ್ಚ್-ಏಪ್ರಿಲಲ್ಲಿ ಪಕ್ಷಿ ನೋಡೋ ವಾಕ್‌ಗೆ ಹೋಗಿ ಪ್ರಯೋಜನ ಇದ್ಯಾ, ಇಲ್ಲಾ ಸೀಸನ್ ಮುಗೀತಾ? (ಮೈಸೂರು)

ಗುಬ್ಬಚ್ಚಿ_ಮನೆ:

ಎಲ್ರಿಗೂ ನಮಸ್ಕಾರ. ನಾವು ಹಾಸನದಿಂದ ಮೈಸೂರಿಗೆ ಬಂದು ಇನ್ನೂ ವರ್ಷ ಆಗಿಲ್ಲ. ನಮ್ಮ ಬಡಾವಣೆ ವಾಟ್ಸಾಪ್ ಗ್ರೂಪಲ್ಲಿ ಇಲ್ಲಿನ ಒಂದು ಪಕ್ಷಿ ಬಳಗದವರ ಪೋಸ್ಟರ್ ಬಂದಿದೆ, ಮಾರ್ಚಿಂದ ಮೇ ತನಕದ ಕಾರ್ಯಕ್ರಮ ಅಂತ. ಭಾನುವಾರ ಬೆಳಿಗ್ಗೆ ಒಂದು ವಾರ ಕುಕ್ಕರಹಳ್ಳಿ ಕೆರೆ ಇನ್ನೊಂದು ವಾರ ಲಿಂಗಾಂಬುಧಿ ಕೆರೆ, ಮಧ್ಯದಲ್ಲಿ ಒಂದು ಶನಿವಾರ ಸಂಜೆ ಸ್ಲೈಡ್ ಹಾಕಿ ಮಾತಾಡ್ತಾರಂತೆ, ಆಮೇಲೆ ಯುಗಾದಿ ಕಳೆದ್ಮೇಲೆ ಮಿನಿಬಸ್ ಮಾಡ್ಕೊಂಡು ರಂಗನತಿಟ್ಟು ಮತ್ತೆ ಕೊಕ್ಕರೆ ಬೆಳ್ಳೂರು. ವಾಕ್‌ಗೆಲ್ಲ ದುಡ್ಡಿಲ್ಲ, ಬಸ್ಸಿಗೆ ಮಾತ್ರ ಖರ್ಚು ಹಂಚ್ಕೊಳ್ಳೋದು.

ಮಗನಿಗೆ ಒಂಬತ್ತು ವರ್ಷ, ಪರೀಕ್ಷೆ ಮುಗಿದ್ಮೇಲೆ ಎರಡು ತಿಂಗಳು ಮೊಬೈಲ್ ಹಿಡ್ಕೊಂಡು ಕೂರ್ತಾನೆ ಅನ್ನೋ ಭಯಕ್ಕೆ ಸೇರಿಸೋಣ ಅಂತಿದೀನಿ. ಆದ್ರೆ ನಮ್ಮೆಜಮಾನ್ರ ಆಫೀಸಲ್ಲಿ ಒಬ್ರು ಫೋಟೋ ತೆಗೆಯೋರು ಇದಾರೆ, ಅವರು "ಹಕ್ಕಿ ಸೀಸನ್ ಅಂದ್ರೆ ಡಿಸೆಂಬರ್ ಜನವರಿ, ಈಗ ಹೋದ್ರೆ ಕಾಗೆ ಪಾರಿವಾಳ ನೋಡ್ಕೊಂಡು ಬರ್ಬೇಕಷ್ಟೆ" ಅಂದ್ಬಿಟ್ರಂತೆ. ನಿಜಾನಾ? ಇನ್ನೊಂದು, ನಮ್ಮತ್ತೆನೂ ಬರ್ತೀನಿ ಅಂತಿದಾರೆ, ಅವರಿಗೆ ಮಂಡಿ ನೋವು, ಬಿರಬಿರ ನಡೆಯಕ್ಕಾಗಲ್ಲ. ಬೈನಾಕ್ಯುಲರ್ ಆನ್‌ಲೈನಲ್ಲಿ ಸಾವಿರದೈನೂರಕ್ಕೆಲ್ಲ ಇದೆ, 20 ಪಟ್ಟು ಝೂಮ್ ಅಂತ ಹಾಕಿದಾರೆ, ತಗೊಳ್ಳಾ? ಅಲ್ಲಿ ಎಲ್ಲಾ ಮಾರುದ್ದ ಲೆನ್ಸ್ ಇಟ್ಕೊಂಡಿರೋರೇ ಇದ್ರೆ ನಾವು ಮಧ್ಯದಲ್ಲಿ ಪೆದ್ದುಪೆದ್ದಾಗಿ ಕಾಣ್ತೀವೇನೋ ಅಂತಾನೂ ಇದೆ. ಹೋಗಿ ಬಂದಿರೋರು ಹೇಳಿ.

ಕೆರೆದಂಡೆ:

ಮೇಡಂ, ನಿಮ್ಮೆಜಮಾನ್ರ ಆಫೀಸಿನವರು ಹೇಳಿದ್ದು ಅರ್ಧ ಸರಿ. ದೊಡ್ಡ ದೊಡ್ಡ ಬಾತುಕೋಳಿ ಹಿಂಡು, ಪಟ್ಟೆ ತಲೆ ಹೆಬ್ಬಾತು, ಅವೆಲ್ಲಾ ನೋಡ್ಬೇಕು ಅಂದ್ರೆ ಚಳಿಗಾಲವೇ ಸರಿ, ಹದಿನಾರು ಅನ್ನೋ ಊರಿನ ಕೆರೆ ಕಡೆಯಿಂದ ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಗಂಟು ಕಟ್ಟಿರ್ತವೆ. ಆದ್ರೆ ಸೀಸನ್ ಅನ್ನೋದು ಫೋಟೋದವರ ಲೆಕ್ಕ. ಹೊಸದಾಗಿ ಕಲಿಯೋರಿಗೆ, ಅದರಲ್ಲೂ ಮಕ್ಕಳಿಗೆ, ನನ್ನ ಕೇಳಿದ್ರೆ ಮಾರ್ಚ್-ಏಪ್ರಿಲ್ಲೇ ವಾಸಿ.

ಯಾಕೆ ಅಂದ್ರೆ ಚಳಿಗಾಲದಲ್ಲಿ ಬರೋ ಸಣ್ಣ ಉಲಿಯಕ್ಕಿಗಳು ಎಲೆ ಹಿಂದೆ ಓಡಾಡ್ತವೆ, ಹತ್ತು ವರ್ಷ ನೋಡಿದೋರೇ ಒಂದಕ್ಕೊಂದು ಗುರುತು ಹಿಡಿಯೋಕೆ ಒದ್ದಾಡ್ತಾರೆ, ಮಗು ಹತ್ತು ನಿಮಿಷಕ್ಕೆ ಬೇಜಾರಾಗಿ ಮನೆಗೆ ಹೋಗೋಣ ಅನ್ನತ್ತೆ. ಈಗ ಹಾಗಲ್ಲ, ನಮ್ಮೂರ ಹಕ್ಕಿಗಳೇ ಎದ್ದು ಕೂತು ಹಾಡ್ತಿರ್ತವೆ. ಮಡಿವಾಳ ಹಕ್ಕಿ ಗಂಡು ಕರೆಂಟ್ ಕಂಬದ ತುದಿ, ಡಿಷ್ ಆಂಟೆನಾ, ಒಣಗಿದ ಕೊಂಬೆ, ಎಲ್ಲಿ ಎತ್ತರ ಸಿಗತ್ತೋ ಅಲ್ಲಿ ಕೂತು ಬೆಳಕು ಹರಿಯೋ ಮುಂಚೆ ಶುರು ಮಾಡತ್ತೆ. ಅದನ್ನ ಹುಡುಕೋದೇ ಬೇಡ, ಅದೇ ಕೂಗಿ ಕರೆಯತ್ತೆ. ಕಂಚುಗಾರ ಹಕ್ಕಿ ಟುಕ್ ಟುಕ್ ಟುಕ್ ಅಂತ ಬಿಸಿಲು ಏರಿದಷ್ಟೂ ಜಾಸ್ತಿ ಮಾಡತ್ತೆ, ಜೊತೆಗೆ ಕುಟ್ರು, ಕೋಗಿಲೆ. ಎಲೆ ಉದುರಿಸೋ ಮರಗಳೆಲ್ಲ ಬೋಳಾಗಿರೋದ್ರಿಂದ ಕೂತಿದ್ದು ಕಣ್ಣಿಗೆ ಬೀಳತ್ತೆ. ಮುತ್ತುಗ, ಬೂರುಗ, ಹಾಲವಾಣ ಹೂ ಬಿಟ್ಟಿದ್ರೆ ಇನ್ನೂ ಸುಲಭ, ಒಂದು ಮರದ ಕೆಳಗೆ ಅರ್ಧ ಗಂಟೆ ನಿಂತ್ರೆ ಸೂರಕ್ಕಿ, ಗೊರವಂಕ, ಕಾಜಾಣ, ಪಿಕಳಾರ ಎಲ್ಲಾ ಸರದಿ ಮೇಲೆ ಬಂದು ಹೋಗ್ತವೆ, ಅದೃಷ್ಟ ಇದ್ರೆ ರೋಸಿ ಸ್ಟಾರ್ಲಿಂಗ್ ಹಿಂಡೂ ಬೀಳತ್ತೆ, ಅವು ಮಧ್ಯ ಏಷ್ಯಾಕ್ಕೆ ವಾಪಸ್ ಹೋಗೋ ಮುಂಚೆ ಈ ಹೂಗಳ ಮೇಲೆ ಮುಗಿಬೀಳ್ತವೆ.

ಮತ್ತೆ ವಲಸೆ ಹಕ್ಕಿ ಪೂರ್ತಿ ಹೋಗಿರತ್ತೆ ಅಂತಾನೂ ಅಲ್ಲ. ಹೊನ್ನಕ್ಕಿ, ಬೂದು ಕಾಜಾಣ, ಕವಲುತೋಕೆಗಳು, ಹೊಂಗೆ ಮರದಲ್ಲಿ ಚ್ವೀ ಚ್ವೀ ಅನ್ನೋ ಹಸಿರು ಉಲಿಯಕ್ಕಿ, ಇವೆಲ್ಲಾ ಏಪ್ರಿಲ್ ತನಕ ಒಂದಲ್ಲ ಒಂದು ಕಡೆ ಸಿಗ್ತಾನೇ ಇರ್ತವೆ. ಇನ್ನೂ ಒಂದು ಮಜಾ ಇದೆ, ಬ್ಲೈತ್ಸ್ ರೀಡ್ ವಾರ್ಬ್ಲರ್ ಅಂತ ಒಂದು ಕಂದು ಬಣ್ಣದ ಪುಟಾಣಿ ಇದೆ, ಚಳಿಗಾಲ ಪೂರ್ತಿ ಪೊದೆಯೊಳಗೆ ಚಕ್ ಚಕ್ ಅಂತ ಬೈಕೊಂಡೇ ಇರತ್ತೆ, ಹೊರಡೋ ಮುಂಚೆ ಏಪ್ರಿಲಲ್ಲಿ ಮಾತ್ರ ಮೆಲ್ಲಗೆ ಹಾಡೋಕೆ ಶುರು ಮಾಡತ್ತೆ. ಡಿಸೆಂಬರಲ್ಲಿ ಬಂದೋರಿಗೆ ಅದು ಸಿಕ್ಕಲ್ಲ.

ಅತ್ತೆಯವರನ್ನ ಖಂಡಿತ ಕರ್ಕೊಂಡು ಬನ್ನಿ. ಹಕ್ಕಿ ವಾಕ್ ಅಂದ್ರೆ ಅದು ನಡಿಗೆಯೇ ಅಲ್ಲ, ನಿಲ್ಲೋದೇ ಜಾಸ್ತಿ. ಎರಡು ಗಂಟೇಲಿ ಒಂದು ಕಿಲೋಮೀಟರ್ ಹೋದ್ರೆ ಹೆಚ್ಚು. ಕುಕ್ಕರಹಳ್ಳಿ ಏರಿ ಮೇಲೆ ದಾರಿ ಸಮತಟ್ಟಾಗಿದೆ, ಕೂರೋಕೆ ಕಲ್ಲುಬೆಂಚೂ ಇದಾವೆ. ಅವರು ಒಂದು ಬೆಂಚ್ ಹಿಡಿದು ಕೂತ್ರೂ ಕೆರೆ ನಡುವಿನ ಮರಗಳ ಮೇಲಿನ ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆ, ರೆಕ್ಕೆ ಬಿಚ್ಕೊಂಡು ಒಣಗಿಸ್ಕೊಳ್ಳೋ ಹಾವಕ್ಕಿ ಎಲ್ಲಾ ಕಾಣತ್ತೆ. ಹಳ್ಳಿ ಕಡೆಯವರಾದ್ರೆ ನಮಗಿಂತ ಹೆಚ್ಚು ಹೆಸರು ಗೊತ್ತಿರತ್ತೆ, ನೋಡ್ತಿರಿ.

ಒಂದೇ ಕಂಡೀಷನ್, ಟೈಮಿಗೆ ಬನ್ನಿ. ಆರೂವರೆ ಅಂದ್ರೆ ಆರೂವರೆ. ಒಂಬತ್ತರ ಮೇಲೆ ಬಿಸಿಲು ನಮಗೂ ಆಗಲ್ಲ ಹಕ್ಕಿಗೂ ಆಗಲ್ಲ.

ಹಳೇಗಾಜು:

ಬೈನಾಕ್ಯುಲರ್ ವಿಷಯ ನಾನು ಹೇಳ್ತೀನಿ. ಆ ಸಾವಿರದೈನೂರರ 20 ಪಟ್ಟಿನದ್ದು ದಯವಿಟ್ಟು ತಗೋಬೇಡಿ. ಅಷ್ಟು ದೊಡ್ಡದು ಮಾಡಿ ತೋರಿಸಿದ್ರೆ ಕೈ ನಡುಕನೂ ಅಷ್ಟೇ ದೊಡ್ಡದಾಗತ್ತೆ, ಹಕ್ಕಿ ಸಿಗೋದೇ ಇಲ್ಲ, ಮಗು ಕಣ್ಣು ನೋವು ಅಂತ ಬಿಸಾಕತ್ತೆ. 8x42 ಅಂತ ಬರೆದಿರತ್ತೆ ನೋಡಿ, ಎಂಟು ಪಟ್ಟು ದೊಡ್ಡದು ಮಾಡತ್ತೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ, ಬೆಳಗಿನ ಮಂದ ಬೆಳಕಲ್ಲೂ ಚೆನ್ನಾಗಿ ಕಾಣತ್ತೆ. ದೊಡ್ಡೋರಿಗೆ ಅದು. ಹುಡುಗನಿಗೆ ಭಾರ ಅನ್ನಿಸಿದ್ರೆ 8x32. ಸುಮಾರಾಗಿರೋದು ಏಳೆಂಟು ಸಾವಿರದಿಂದ ಶುರು ಆಗತ್ತೆ, ಆದ್ರೆ ಈಗಲೇ ಕೊಳ್ಳೋಕೆ ಹೋಗ್ಬೇಡಿ. ಎರಡು ಮೂರು ವಾಕ್ ಬರಿಗೈಲಿ ಬನ್ನಿ. ಬಳಗದಲ್ಲಿ ಯಾರ ಹತ್ರನಾದ್ರೂ ಇನ್ನೊಂದು ಜೊತೆ ಇದ್ದೇ ಇರತ್ತೆ, ಕೇಳಿದ್ರೆ ಕೊಡ್ತಾರೆ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ.

ಹುಡುಗನಿಗೆ ಮೊದಲು ಮನೇಲೇ ಅಭ್ಯಾಸ ಮಾಡಿಸಿ. ಹಕ್ಕಿ ಮೇಲಿಂದ ಕಣ್ಣು ತೆಗೀದೇ ಬೈನಾಕ್ಯುಲರನ್ನ ಕಣ್ಣಿಗೆ ತರ್ಬೇಕು. ಎಲ್ಲಾ ಮಕ್ಕಳೂ ತಲೆ ಬಗ್ಗಿಸಿ ಅದನ್ನ ನೋಡ್ಕೊಂಡು ಆಮೇಲೆ ತಲೆ ಎತ್ತುತ್ತಾರೆ, ಅಷ್ಟರಲ್ಲಿ ಕೊಂಬೆ ಯಾವುದು ಅಂತಾನೇ ಮರೆತುಹೋಗಿರತ್ತೆ. ಎದುರು ಮನೆ ನೀರಿನ ಟ್ಯಾಂಕ್ ಮೇಲೆ ಕೂತಿರೋ ಕಾಗೆ ಸಾಕು ಕಲಿಯೋಕೆ.

ಬಟ್ಟೆ ಮಾತ್ರ ಮಾಸಲು ಬಣ್ಣದ್ದು ಹಾಕ್ಸಿ, ಬಿಳಿ ಕೆಂಪು ಬೇಡ.

ಶಿರಹಟ್ಟಿ_ಸಿದ್ದ:

ಹೆಬ್ಬಾತಿನ ಮಾತು ಬಂತು ಅಂತ ಹೇಳ್ತೀನ್ರಿ. ನಮ್ಮ ಶಿರಹಟ್ಟಿ ತಾಲೂಕಿನ್ಯಾಗ ಮಾಗಡಿ ಕೆರಿ ಐತಿ, 2024ರಾಗ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಾಗ ಅಲ್ಲಿ ಪಟ್ಟಿ ತಲಿ ಹೆಬ್ಬಾತು ಸಾವಿರಗಟ್ಟಲೆ ಇರ್ತಾವು, ರಾತ್ರಿ ಹೊಲಕ್ಕ ಹೋಗಿ ಮೇದು ಹಗಲಿಗೆ ಬಂದು ನೀರಾಗ ಕುಂದರತಾವು. ಈಗ ಬಂದ್ರ ಕೆರಿ ಖಾಲಿ ಖಾಲಿ ಅನಸ್ತೈತಿ, ಅದು ಖರೇ. ಆದ್ರ ಮಂದಿ ಹೆಬ್ಬಾತು ಹೋದ ಕೂಡ್ಲೆ ಕೆರಿ ಕಡೆ ಹೊಳ್ಳಿ ನೋಡಂಗಿಲ್ಲ, ಟಿಟ್ಟಿಭ ಅಲ್ಲೇ ದಂಡಿ ಮ್ಯಾಲೆ ಕಲ್ಲಿನ ನಡುವ ತತ್ತಿ ಇಟ್ಟಿರ್ತೈತಿ, ಬೈಕ್ ಹತ್ತಿಸ್ಕೊಂಡು ಹೋಗ್ತಾರ. ನಿಮ್ಮ ಕಡೆ ಬ್ಯಾಸಗಿ ವಾಕ್ ಇಡ್ತಾರಲ್ಲ, ಛಲೋ ಮಾಡ್ಯಾರ. ನಮ್ಮಲ್ಲೂ ಹಂಗ ಯಾರರ ಶುರು ಮಾಡಬೇಕು ನೋಡ್ರಿ.

ಲೆನ್ಸ್_ಲೋಕ:

ಮೇಡಂ ಸುಮ್ನೆ ಕೆರೆ ಕೆರೆ ಸುತ್ತೋದ್ರಲ್ಲಿ ಏನಿದೆ. ಈ ಟೈಮಲ್ಲಿ ಮೈಸೂರಲ್ಲಿ ನೋಡ್ಬೇಕಾದ್ದು ಅಂದ್ರೆ ಶ್ರೀರಂಗಪಟ್ಟಣದ ಹತ್ರ ನಗುವನಹಳ್ಳಿ, ನೀಲಿ ಬಾಲದ ಕಳ್ಳಿಪೀರ ಗೂಡು ಮಾಡೋ ಜಾಗ. ನೂರಾರು ಹಕ್ಕಿ ಒಂದೇ ಕಡೆ ಸಿಗತ್ತೆ, ಬಾಯಲ್ಲಿ ಡ್ರಾಗನ್‌ಫ್ಲೈ ಇಟ್ಕೊಂಡು ಬಂದು ಕೂರೋ ಶಾಟ್ ಅಂತೂ ಸೂಪರ್. ಹತ್ರ ಹೋಗಿ ಒಂದು ಒಣಗಿದ ಕಡ್ಡಿ ನೆಟ್ಕೊಂಡ್ರೆ ಅದೇ ಬಂದು ಕೂರತ್ತೆ. ಫೋನಲ್ಲಿ ಹಕ್ಕಿ ಗುರುತು ಹಿಡಿಯೋ ಮರ್ಲಿನ್ ಆ್ಯಪ್ ಹಾಕ್ಕೊಳ್ಳಿ, ಕೂಗು ಪ್ಲೇ ಮಾಡಿದ್ರೆ ಎಂಥಾ ಹಕ್ಕಿನೂ ಹೊರಗೆ ಬರತ್ತೆ, ಮಗನಿಗೂ ಖುಷಿ ಆಗತ್ತೆ.

ಕೆರೆದಂಡೆ:

ಲೆನ್ಸ್ ಅವ್ರೆ, ದಯವಿಟ್ಟು ಬೇಡ. ಹೊಸಬರಿಗೆ ಮೊದಲ ಪಾಠನೇ ಇದಾದ್ರೆ ಹೇಗೆ ಹೇಳಿ.

ನಗುವನಹಳ್ಳಿ ಪೇಪರಲ್ಲೆಲ್ಲ ಬಂದಿರೋ ಜಾಗ, ಹೆಸರು ಹೇಳಿದ್ದು ತಪ್ಪು ಅನ್ನಲ್ಲ. ಆದ್ರೆ ಅವು ಅಲ್ಲಿ ಯಾಕೆ ಸೇರ್ತವೆ ಅನ್ನೋದನ್ನೂ ಹೇಳ್ಬೇಕಲ್ವಾ. ಆ ಹಕ್ಕಿ ಮರದಲ್ಲಿ ಗೂಡು ಕಟ್ಟಲ್ಲ, ಮೆದು ಮಣ್ಣಲ್ಲಿ ಕೊಕ್ಕಿಂದ ಕುಕ್ಕಿ ಕಾಲಿಂದ ಮಣ್ಣು ಹಿಂದಕ್ಕೆ ಎರಚ್ಕೊಂಡು ಉದ್ದಕ್ಕೆ ಬಿಲ ತೋಡತ್ತೆ, ಬಿಲದ ಕೊನೇಲಿ ಮೊಟ್ಟೆ. ಅಂಥ ಮಣ್ಣು ಸಿಗೋ ಜಾಗ ಕಮ್ಮಿ, ಅದಕ್ಕೇ ಅಷ್ಟೊಂದು ಒಂದೇ ಕಡೆ. ನಾವು ಫೋಟೋಗೆ ಅಂತ ಬಿಲದ ಮೇಲೇ ಓಡಾಡಿದ್ರೆ ಸುರಂಗ ಕುಸಿಯತ್ತೆ. ಮುಂದೆ ಹೋಗಿ ನಿಂತ್ರೆ ತಿಂಡಿ ತಂದ ತಾಯಿ ತಂದೆ ತಂತಿ ಮೇಲೆ ಕೂತೇ ಇರ್ತವೆ, ಹುಳ ಬಾಯಲ್ಲೇ, ನಾವು ಜಾಗ ಬಿಡೋ ತನಕ ಒಳಗೆ ಹೋಗಲ್ಲ. ನಿಮ್ಮ ಆ ಸೂಪರ್ ಶಾಟಲ್ಲಿ ಅಷ್ಟು ಹೊತ್ತು ಹುಳ ಹಿಡ್ಕೊಂಡು ಕೂತಿರೋದು ಪೋಸ್ ಕೊಡೋಕಲ್ಲ ಸಾರ್.

ಕೂಗು ಪ್ಲೇ ಮಾಡೋದು ಅದಕ್ಕಿಂತ ಕೆಟ್ಟದ್ದು. ಮಾರ್ಚಲ್ಲಿ ಗಂಡು ಹಕ್ಕಿ ಅದರ ಜಾಗಕ್ಕೆ ಬೇರೆ ಗಂಡು ಬಂತು ಅಂದ್ಕೊಂಡು ಕಾದಾಡೋಕೆ ಓಡಿ ಬರತ್ತೆ, ಗೂಡು ಬಿಟ್ಟು. ನಮಗೆ ಖುಷಿ, ಅದಕ್ಕೆ ಸುಸ್ತು. ಮರ್ಲಿನ್ ಆ್ಯಪ್ ಒಳ್ಳೇದೇ, ಕೇಳಿಸ್ಕೊಳ್ಳೋಕೆ ಇಟ್ಕೊಳ್ಳಿ, ಕೇಳಿಸೋಕೆ ಬೇಡ.

ಮಂಗಟ್ಟೆ_ಕಾಡು:

ದಾಂಡೇಲಿ ಕಡೆಯವ ನಾನು. ಗೂಡಿನ ಹತ್ರ ಹೋಗೋ ವಿಷಯಕ್ಕೆ ನಮ್ಮಲ್ಲಿಂದ ಒಂದು ಹೇಳ್ತೆ. ಮಂಗಟ್ಟೆ ಗೊತ್ತಲ್ಲ, ಹಾರ್ನ್‌ಬಿಲ್. ಫೆಬ್ರವರಿ ಮಾರ್ಚಲ್ಲಿ ಹೆಣ್ಣು ಮರದ ಪೊಟರೆ ಒಳಗೆ ಸೇರ್ಕೊಂಡು ಬಾಗಿಲನ್ನ ತನ್ನ ಹಿಕ್ಕೆ, ತಿಂದ ಹಣ್ಣಿನ ಚೂರು, ಎಲ್ಲಾ ಮೆತ್ತಿ ಮುಚ್ಕೊಳ್ತದೆ, ಕೊಕ್ಕು ತೂರೋಷ್ಟು ಸಂದು ಬಿಟ್ಟು. ಒಳಗೇ ರೆಕ್ಕೆ ಬಾಲದ ಗರಿಯೆಲ್ಲಾ ಉದುರಿಸಿ ಹೊಸದು ಬೆಳೆಸ್ಕೊಳ್ತದೆ. ಹಾರೋಕೆ ಬರೂದಿಲ್ಲ ಆಗ. ತಿಂಗಳುಗಟ್ಟಲೆ ಅದಕ್ಕೂ ಮರಿಗೂ ಹೊಟ್ಟೆಗೆ ಗಂಡು ತಂದು ಕೊಟ್ರೇ ಉಂಟು. ಆಲ, ಅತ್ತಿ, ಬಸರಿ ಹಣ್ಣು ಗಂಟಲಲ್ಲಿ ತುಂಬ್ಕೊಂಡು ಬರ್ತದೆ, ಸಂದಿಗೆ ಕೊಕ್ಕು ಇಟ್ಟು ಒಂದೊಂದೇ ಹಣ್ಣು ಕಕ್ಕಿ ಕೊಡ್ತದೆ. ಕೆಳಗೆ ಜನ ಕಂಡ್ರೆ ಆ ಗಂಡು ಮರಕ್ಕೆ ಬರೂದೇ ಇಲ್ಲ, ದೂರದ ಮರದಲ್ಲಿ ಕೂತು ನೋಡಿ ವಾಪಸ್ ಹೋಗ್ತದೆ. ಗೂಡಿನ ಮರದಡಿ ಫೋಟೋದವ್ರು ಟೆಂಟ್ ಹಾಕಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದು ನಾನೇ ಕಂಡಿದೇನೆ.

ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ ಮಾರಾಯ್ರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದ್ರೆ ಏನು ಅಂತ ವಿವರಿಸಿರೋ ಕಡೆ ಹಕ್ಕಿ ಗೂಡು, ಮೊಟ್ಟೆಗೆ ತೊಂದರೆ ಕೊಡೋದನ್ನೂ ಸೇರಿಸಿದಾರೆ. ಕೋವಿ ಹಿಡೀಬೇಕಂತಿಲ್ಲ.

ಲೆನ್ಸ್_ಲೋಕ:

ಅಯ್ಯೋ ಎಲ್ರೂ ಒಟ್ಟಿಗೆ ಬಿದ್ರಲ್ಲ :) ನಾನೇನು ಗೂಡಿಗೆ ಕೈ ಹಾಕು ಅಂದಿಲ್ಲ. ಕಡ್ಡಿ ನೆಡೋದು ಎಲ್ರೂ ಮಾಡ್ತಾರೆ. ಅಲ್ಲಾ ಸಾರ್, ಫೋಟೋ ತೆಗೆಯೋರೇ ಇಲ್ದಿದ್ರೆ ಈ ಜಾಗ ಇದೆ ಅಂತ ಯಾರಿಗೂ ಗೊತ್ತಾಗ್ತಾ ಇರ್ಲಿಲ್ಲ, ಮಣ್ಣು ತೋಡೋರು ಟ್ರ್ಯಾಕ್ಟರ್ ತಂದು ಎತ್ಕೊಂಡು ಹೋಗ್ತಿದ್ರು, ಅದನ್ನೂ ಒಪ್ಕೊಳ್ಳಿ.

ಕೆರೆದಂಡೆ:

ಅದು ಒಪ್ಪೋ ಮಾತೇ. ದೂರದಿಂದ, ಗಾಡಿ ಒಳಗೆ ಕೂತು ತೆಗೀರಿ, ನಂದೇನೂ ತಕರಾರಿಲ್ಲ. ಫೋಟೋ ಹಾಕೋವಾಗ ಊರಿನ ಹೆಸರು ಹಾಕಿ, ಗೂಡಿನ ಲೊಕೇಷನ್ ಪಿನ್ ಹಾಕ್ಬೇಡಿ ಅಷ್ಟೆ.

ಮೇಡಂ, ನಿಮ್ಮ ಪ್ರಶ್ನೆ ಎಲ್ಲೋ ಹೋಯ್ತು ಅಂದ್ಕೋಬೇಡಿ, ಬಳಗದ ಜೊತೆ ಹೋಗಿ ಅನ್ನೋದಕ್ಕೆ ಕಾರಣವೇ ಇದು. ಹಕ್ಕಿ ಹೆಸರು ಹೇಳೋಕೆ ಆ್ಯಪ್ ಸಾಕು, ಪುಸ್ತಕ ಸಾಕು. "ಇಲ್ಲಿಂದ ಮುಂದೆ ಬೇಡ, ಅದು ಗಾಬರಿಯಾಗಿದೆ ನೋಡು, ಹಿಂದಕ್ಕೆ ಬಾ" ಅಂತ ಹೆಗಲು ಮುಟ್ಟಿ ಹೇಳೋಕೆ ಪಕ್ಕದಲ್ಲಿ ಒಬ್ಬರು ಇರ್ಬೇಕು. ಟಿಟ್ಟಿಭ ನಿಮ್ಮ ತಲೆ ಮೇಲೆ ಸುತ್ತಿ ಅರಚ್ತಾ ಇದ್ರೆ ಕಾಲ ಕೆಳಗೆಲ್ಲೋ ಮೊಟ್ಟೆ ಇದೆ ಅಂತ, ಅದು ಯಾವ ಫೋನೂ ಹೇಳಲ್ಲ. ವಸಂತದ ವಾಕ್‌ಗಳಲ್ಲಿ ಮಕ್ಕಳು ಕಲಿಯೋದು ಮುಖ್ಯವಾಗಿ ಇದನ್ನೇ.

ಬಸವನಗುಡಿ_ಬಾಲು:

ಪೆದ್ದುಪೆದ್ದಾಗಿ ಕಾಣ್ತೀವಿ ಅಂದ್ರಲ್ಲ ಮೇಡಂ, ಅದಕ್ಕೆ ನನ್ನದೊಂದು ಮಾತು. ಬೆಂಗಳೂರಲ್ಲಿ 1972ರಲ್ಲಿ ಶುರುವಾದ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಅಂತ ಇದೆ, ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್ ಗ್ಲಾಸ್‌ಹೌಸ್ ಹತ್ರ ಸೇರೋದು ಅವರ ಹಳೇ ಪದ್ಧತಿ. ಅಲ್ಲಿ ಯಾರೂ ಯಾರನ್ನೂ ನೀವ್ಯಾರು ಎಲ್ಲಿಂದ ಬಂದ್ರಿ ಕೇಳಲ್ಲ, ಬಂದು ನಿಂತ್ರೆ ಸೈ. ಅರ್ಧ ಜನ ರಿಟೈರಾದೋರು, ಕಾಲು ಭಾಗ ಕಾಲೇಜ್ ಹುಡುಗರು, ಮಿಕ್ಕೋರು ಮಕ್ಕಳನ್ನ ಎಳ್ಕೊಂಡು ಬಂದ ಅಪ್ಪ ಅಮ್ಮಂದ್ರು. ದೊಡ್ಡ ಲೆನ್ಸಿನವರು ಇರ್ತಾರೆ, ಆದ್ರೆ ನೋಡ್ತಾ ಇರಿ, ಹಕ್ಕಿ ಮೊದಲು ಕಾಣೋದು ಮಕ್ಕಳಿಗೇ. ಮರದ ಪೊಟರೇಲಿ ಹಗಲೊತ್ತು ತೂಕಡಿಸ್ತಾ ಕೂತಿರೋ ಹಾಲಕ್ಕಿ ಅಂತೂ ಪ್ರತಿ ಸಲ ಯಾವುದಾದ್ರೂ ಒಂದು ಮಗುವಿಗೇ ಸಿಗತ್ತೆ.

ಮಗನ ಕೈಗೆ ಒಂದು ಚಿಕ್ಕ ನೋಟ್‌ಬುಕ್ ಪೆನ್ಸಿಲ್ ಕೊಡಿ. ಹೆಸರು ಗೊತ್ತಿಲ್ದಿದ್ರೂ ಪರವಾಗಿಲ್ಲ, ಬಾಲ ಉದ್ದನಾ ಗಿಡ್ಡನಾ, ನೆಲದ ಮೇಲಿತ್ತಾ ಮರದ ಮೇಲಿತ್ತಾ, ಕುಪ್ಪಳಿಸ್ತಾ ನಡೀತಾ, ಇಷ್ಟು ಬರ್ಕೊಂಡ್ರೆ ಆಮೇಲೆ ಕೇಳಿದ್ರೂ ಯಾರಾದ್ರೂ ಹೇಳ್ತಾರೆ. ಫೋಟೋ ನೋಡಿ ಹೇಳೋದಕ್ಕಿಂತ ಇದು ಬೇಗ ತಲೆಗೆ ಹತ್ತತ್ತೆ.

ದೊಡ್ಡೋರು ಯಾರಾದ್ರೂ ಇ-ಬರ್ಡ್ ಅನ್ನೋ ವೆಬ್‌ಸೈಟಲ್ಲಿ ಕಂಡ ಹಕ್ಕಿಗಳ ಪಟ್ಟಿ ಹಾಕ್ತಾ ಇರ್ತಾರೆ. ಕಾಗೆ ಪಾರಿವಾಳನೂ ಬಿಡಲ್ಲ, ಎಲ್ಲಾ ಎಣಿಸ್ತಾರೆ. ಅದನ್ನ ನೋಡಿ ನಗಬೇಡಿ, 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಬಂತಲ್ಲ, 942 ಜಾತಿ ಹಕ್ಕಿಗಳ ಲೆಕ್ಕ, ಅದು ನಿಂತಿರೋದೇ ಇಂಥ ಸಾಮಾನ್ಯ ಜನ ಭಾನುವಾರ ಎಣಿಸಿ ಹಾಕಿದ ಪಟ್ಟಿಗಳ ಮೇಲೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖದಲ್ಲಿದೆ ಅಂತ ಗೊತ್ತಾಗಿದ್ದೂ ಹಾಗೇ. ಬೇಸಿಗೇಲಿ ಪಟ್ಟಿ ಹಾಕೋರು ಕಮ್ಮಿ, ಚಳಿಗಾಲದಲ್ಲಿ ಎಲ್ರೂ ಹಾಕ್ತಾರೆ, ಆದ್ರಿಂದ ಈಗಿನ ಪಟ್ಟಿಗೆ ಬೆಲೆ ಜಾಸ್ತಿ ಅಂತಾನೇ ಇಟ್ಕೊಳ್ಳಿ.

ಗುಬ್ಬಚ್ಚಿ_ಮನೆ:

ಇಷ್ಟೊಂದು ಜನ ಉತ್ತರ ಕೊಡ್ತೀರಾ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಆ ಮಂಗಟ್ಟೆ ವಿಷಯ ಅತ್ತೆಗೆ ಓದಿ ಹೇಳಿದೆ, "ನಮ್ಮೂರಲ್ಲಿ ಗಂಡಸರಿಗೆ ತೋರಿಸ್ಬೇಕು ಇದನ್ನ" ಅಂದ್ರು. ಬೈನಾಕ್ಯುಲರ್ ಕಾರ್ಟಿಂದ ತೆಗೆದ್ಹಾಕ್ದೆ.

ಇನ್ನೆರಡು ಪ್ರಶ್ನೆ. ಶನಿವಾರದ ಮಾತಿಗೆ ಮಗನ್ನ ಕರ್ಕೊಂಡು ಹೋಗ್ಬೋದಾ, ವಲಸೆ ಬಗ್ಗೆ ಅಂತ ಹಾಕಿದಾರೆ, ಬರೀ ಇಂಗ್ಲಿಷಲ್ಲಿ ಗ್ರಾಫ್ ತೋರಿಸಿದ್ರೆ ಅವನು ನಿದ್ದೆ ಹೊಡೀತಾನೆ, ಅತ್ತೆನೂ. ಇನ್ನೊಂದು, ಔಟಿಂಗಲ್ಲಿ ರಂಗನತಿಟ್ಟು ಕೊಕ್ಕರೆ ಬೆಳ್ಳೂರು ಎರಡೂ ಒಂದೇ ದಿನ, ಏಪ್ರಿಲ್ ಬಿಸಿಲಲ್ಲಿ ವಯಸ್ಸಾದವರಿಗೆ ಕಷ್ಟ ಆಗಲ್ವಾ?

ಕೆರೆದಂಡೆ:

ಮಾತು ಕೊಡೋರ ಮೇಲೆ ಹೋಗತ್ತೆ. ನಮ್ಮಲ್ಲಿ ಸಾಮಾನ್ಯವಾಗಿ ಕನ್ನಡ ಇಂಗ್ಲಿಷ್ ಕಲಸಿ ಮಾತಾಡ್ತಾರೆ, ಅರ್ಥ ಆಗ್ದಿದ್ರೆ ಕೈ ಎತ್ತಿ ಕನ್ನಡದಲ್ಲಿ ಹೇಳಿ ಸಾರ್ ಅಂದ್ರೆ ಹೇಳ್ತಾರೆ. ವಲಸೆ ಮಾತಲ್ಲಿ ಮ್ಯಾಪ್ ಇದ್ದೇ ಇರತ್ತೆ, ಅದು ಮಕ್ಕಳಿಗೆ ಹಿಡಿಸತ್ತೆ. 2019ರಲ್ಲಿ ಮಂಗೋಲಿಯಾದಲ್ಲಿ ಒಂದು ಕೋಗಿಲೆ ಜಾತಿ ಹಕ್ಕಿಗೆ ಉಪಗ್ರಹ ಟ್ಯಾಗ್ ಹಾಕಿ ಬಿಟ್ರು, ಒನೊನ್ ಅಂತ ಹೆಸರು, ಅದು ಆಫ್ರಿಕಾದ ಜಾಂಬಿಯಾಕ್ಕೆ ಹೋಗಿ ಮುಂದಿನ ಬೇಸಿಗೇಲಿ ಅರಬ್ಬೀ ಸಮುದ್ರ ದಾಟಿ ಭಾರತದ ಮೇಲೆ ಹಾದು ವಾಪಸ್ ಮಂಗೋಲಿಯಾ ಸೇರ್ತು. ಲಾಕ್‌ಡೌನಲ್ಲಿ ನಾವೆಲ್ಲಾ ಮನೇಲಿ ಕೂತು ಅದರ ಚುಕ್ಕಿ ಎಲ್ಲಿಗೆ ಬಂತು ಅಂತ ನೋಡ್ತಿದ್ವಿ. ಹೆಬ್ಬಾತು ಹಿಮಾಲಯ ದಾಟೋವಾಗ 7000 ಮೀಟರಿಗಿಂತ ಮೇಲೆ ಹಾರಿದ್ದೂ ದಾಖಲಾಗಿದೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಮೈಸೂರು ಕಡೆ ಕೆರೆಗಳಲ್ಲೇ ಕಂಡಿದಾವೆ. ಇಂಥದ್ದು ಬಂದ್ರೆ ಹುಡುಗ ಎದ್ದು ಕೂರ್ತಾನೆ. ಬರದಿದ್ರೆ ನೀವೇ ಕೇಳಿ.

ಔಟಿಂಗ್ ವಿಷಯ. ಬಳಗದವರು ಬೆಳಿಗ್ಗೆ ಮೊದಲು ಕೊಕ್ಕರೆ ಬೆಳ್ಳೂರು ಮುಗಿಸ್ಕೊಂಡು ಬರೋವಾಗ ರಂಗನತಿಟ್ಟು ಮಾಡಿದ್ರೆ ವಾಸಿ ಅಂತ ಹೇಳಿ ನೋಡಿ. ಬೆಳ್ಳೂರಿಗೆ ಟಿಕೆಟ್ಟೂ ಇಲ್ಲ ಗೇಟೂ ಇಲ್ಲ, ಊರೊಳಗಿನ ಹುಣಸೆ ಮರ, ಅರಳಿ ಮರಗಳ ಮೇಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು. ಅತ್ತೆಯವರು ಯಾರದಾದ್ರೂ ಮನೆ ಜಗಲಿ ಮೇಲೆ ಕೂತ್ರೆ ಸಾಕು, ತಲೆ ಎತ್ತಿದ್ರೆ ಹಕ್ಕಿ, ಛತ್ರಿ ಮಾತ್ರ ಬಿಸಿಲಿಗೂ ಬೇಕು, ಮೇಲಿಂದ ಬೀಳೋದಕ್ಕೂ ಬೇಕು! ಊರಿನವರು ಈ ಹಕ್ಕಿಗಳನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಮರದ ಕೆಳಗಿನ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗತ್ತೆ, ಗೂಡಿಂದ ಬಿದ್ದ ಮರಿಗಳನ್ನ ಎತ್ತಿ ಸಾಕೋ ಕೆಲಸ ಅಲ್ಲಿನ ಹೆಜ್ಜಾರ್ಲೆ ಬಳಗದವರು ಮಾಡ್ಕೊಂಡು ಬಂದಿದಾರೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆ ಆಯ್ತು. ಆದ್ರೆ ಎಲ್ಲಾ ಚೆನ್ನಾಗೇ ಇದೆ ಅಂದ್ಕೋಬೇಡಿ, 2017ರ ಕೊನೇಲಿ ಹೆಜ್ಜಾರ್ಲೆಗಳು ಸಾಲಾಗಿ ಸತ್ವು, ಹೊಟ್ಟೇಲಿ ಜಂತುಹುಳ. ಅವು ಮೀನು ತಿನ್ನೋ ಸುತ್ತಲಿನ ಕೆರೆ ನೀರು ಹೇಗಿದೆ ಅನ್ನೋದರ ಮೇಲೇ ಇದೆಲ್ಲಾ ನಿಂತಿದೆ. ಊರವರ ಜೊತೆ ಮಾತಾಡಿಸಿ, ಅತ್ತೆಗೆ ಅದೇ ಇಷ್ಟ ಆಗ್ಬೋದು.

ರಂಗನತಿಟ್ಟಲ್ಲಿ ದೋಣಿ, ನೆರಳು ಎರಡೂ ಇದೆ. ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದಾಗ ನೋಡಿ ಹೇಳಿದ್ದಕ್ಕೆ 1940ರಲ್ಲಿ ಪಕ್ಷಿಧಾಮ ಮಾಡಿದ್ದು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರ್ತು. ಏಪ್ರಿಲಲ್ಲಿ ನೀರು ಇಳಿದಿರತ್ತೆ, ಬಂಡೆ ಎಲ್ಲಾ ಮೇಲೆ ಬಂದಿರ್ತವೆ, ಆ ಬಂಡೆಗಳ ಮೇಲೇ ರೀವ ಹಕ್ಕಿ ಮೊಟ್ಟೆ ಇಡೋದು. ದೋಣಿಯವರಿಗೆ ಹತ್ರ ಹೋಗಿ ಹತ್ರ ಹೋಗಿ ಅಂತ ಒತ್ತಾಯ ಮಾಡ್ಬೇಡಿ, ರೀವ ಬಂಡೆ ಬಿಟ್ಟು ಎದ್ರೆ ಆ ಬಿಸಿಲಿಗೆ ಮೊಟ್ಟೆ ಬೇಗ ಕೆಡತ್ತೆ. ಮೊಸಳೆ ಎಷ್ಟು ಬೇಕಾದ್ರೂ ನೋಡ್ಲಿ ಹುಡುಗ, ಅದಕ್ಕೇನೂ ಚಿಂತೆ ಇಲ್ಲ.

ಹಳೇಗಾಜು:

ನೀರು ಒಬ್ಬೊಬ್ಬರಿಗೆ ಎರಡು ಲೀಟರ್, ಟೋಪಿ, ತಿಂಡಿ ಕಟ್ಕೊಂಡು ಬನ್ನಿ. ಚಿಪ್ಸ್ ಪ್ಯಾಕೆಟ್ ಬೇಡ, ಪರಪರ ಸದ್ದಿಗೇ ಅರ್ಧ ಹಕ್ಕಿ ಹೋಗತ್ತೆ. ಪುಳಿಯೋಗರೆ ತಂದ್ರೆ ನನಗೂ ಸ್ವಲ್ಪ ಇರ್ಲಿ.

ಗುಬ್ಬಚ್ಚಿ_ಮನೆ:

ಮೂರು ಸೀಟ್ ಬುಕ್ ಮಾಡ್ದೆ, ಪುಳಿಯೋಗರೆ ಅತ್ತೆ ಜವಾಬ್ದಾರಿ :) ಈ ಭಾನುವಾರ ಕುಕ್ಕರಹಳ್ಳಿಗೆ ಬರ್ತಿದೀವಿ. ಯಾವ ಗೇಟ್ ಅಂತ ಪೋಸ್ಟರಲ್ಲಿ ಹಾಕಿಲ್ಲ.

ಕೆರೆದಂಡೆ:

ಮಾನಸಗಂಗೋತ್ರಿ ಕಡೆ ಗೇಟ್ ಇರ್ಬೇಕು, ಆದ್ರೆ ಹಿಂದಿನ ದಿನ ಪೋಸ್ಟರಲ್ಲಿರೋ ನಂಬರಿಗೆ ಒಂದು ಮೆಸೇಜ್ ಹಾಕಿ ಗ್ಯಾರಂಟಿ ಮಾಡ್ಕೊಳ್ಳಿ.

ಲೆನ್ಸ್_ಲೋಕ:

ಬಸ್ಸಲ್ಲಿ ಇನ್ನೂ ಸೀಟ್ ಇದ್ಯಾ? ಕಡ್ಡಿ ತರಲ್ಲ, ಪ್ರಾಮಿಸ್.